ಕಾಗದದ ಮೇಲಿನ ನಾದಿನಿ

ಎಪ್ಪತ್ತರ ದಶಕದ ಕೊನೆಯಲ್ಲಿ, ಮಗಳಿಗೆ ನಾಲ್ಕು ವರ್ಷವಾಗಿದ್ದಾಗ, ಅವಳ ಬಲಗಿವಿ ಸೋರತೊಡಗಿತು. ಬೇಗ ಆಪರೇಷನ್ ಮಾಡಿಸದಿದ್ದರೆ ಆ ಕಿವಿ ಕೇಳಿಸುವುದಿಲ್ಲ ಎಂದರು ತಿಪಟೂರಿನ ಡಾಕ್ಟರು. ನಾನು ಕೆಲಸಕ್ಕಿದ್ದ ಕಾರ್ಖಾನೆಯಲ್ಲಿ ನಮಗೆಲ್ಲ ಆರೋಗ್ಯ ವಿಮೆಯ ಕಾರ್ಡಿತ್ತು. ಅದರಲ್ಲಿ ಮಗಳ ಹೆಸರಿದ್ದರೆ ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಖರ್ಚಿಲ್ಲದೆ ಆಗುತ್ತಿತ್ತು. ಹೆಸರು ಸೇರಿಸುವುದನ್ನು ನಾಳೆ ನಾಳೆ ಎಂದು ಮುಂದೂಡಿದ್ದ ಮಹಾನುಭಾವ ನಾನೇ.

ತುರುವೇಕೆರೆಯಿಂದ ಜನನ ಪತ್ರ ತಂದು ಕಾರ್ಖಾನೆಯ ಗುಮಾಸ್ತರ ಮುಂದಿಟ್ಟೆ. ಅವರು ಓದಿ, ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಏನ್ರೀ ಇದು, ಈ ಮಗೂಗೆ ಅಪ್ಪ ನೀವಲ್ವಲ್ರೀ!"

ತಂದೆಯ ಕಾಲಂನಲ್ಲಿ ನನ್ನ ಮಾವನ ಹೆಸರು, ತಾಯಿಯ ಕಾಲಂನಲ್ಲಿ ಅತ್ತೆಯ ಹೆಸರು. ಚೊಚ್ಚಲ ಹೆರಿಗೆ ಹೆಂಡತಿಯ ತವರು ದಂಡಿನಶಿವರದಲ್ಲಿ ಆಗಿತ್ತು. ಮಾವ ಸಂಭ್ರಮದಲ್ಲಿ ಶ್ಯಾನುಭೋಗರ ಮನೆಗೆ ಹೋಗಿ, "ಹೆಣ್ಣಾಯ್ತು, ನಮ್ಮನೆ ಮಗು, ಬರ್ಕೊಳಿ" ಎಂದಿದ್ದರಂತೆ. ಶ್ಯಾನುಭೋಗರು ಆ ಮನೆಯ ಯಜಮಾನ, ಯಜಮಾನಿಯ ಹೆಸರು ಬರೆದು ಕೈತೊಳೆದುಕೊಂಡಿದ್ದರು. ಹಾಗಾಗಿ ಕಾಗದದ ಪ್ರಕಾರ ನನ್ನ ಮಗಳು ನನಗೆ ನಾದಿನಿ! ಕಾರ್ಖಾನೆಯ ಗೆಳೆಯರು ವಾರವಿಡೀ "ನಾದಿನಿ ಹೆಂಗವಳೆ ಭಾವ?" ಎಂದು ಕಾಡಿದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಒಬ್ಬನ ಜೊತೆ ಮಾತೇ ಬಿಟ್ಟೆ.

ತಿದ್ದಬೇಕಾದರೆ ಮಾವನೇ ತಾಲ್ಲೂಕು ಕಚೇರಿಗೆ ಹೇಳಿಕೆ ಕೊಡಬೇಕಿತ್ತು. ತೋಟದಲ್ಲಿ ಕಾಯಿ ಕೀಳಿಸುವುದನ್ನು ನಿಲ್ಲಿಸಿ ಅವರು ತುರುವೇಕೆರೆಗೆ ಬಂದರು. ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ನಾನೂ ಹೋದೆ. ಕಚೇರಿಯ ಮುಂದೆ ಕೂತಿದ್ದ ಅರ್ಜಿ ಬರೆಯುವವರು ಬರೆದದ್ದನ್ನು ಗಟ್ಟಿಯಾಗಿ ಓದಿದರು: "ಸದರಿ ಮಗು ನನ್ನದಲ್ಲ."

ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡಿದ್ದ ಮಾವ ಕೈ ಹಿಂದಕ್ಕೆಳೆದುಕೊಂಡರು. "ಹಂಗ್ ಬರುದ್ರೆ ನಾನು ಒತ್ತಲ್ಲ ಕಣಪ್ಪ."

ನನಗೆ ರೇಗಿಹೋಯಿತು. "ಮಗೀನ ಕಿವಿ ಹೋಗ್ತೈತೆ ಮಾವ! ಅದು ಬರೀ ಕಾಗದದ ಮಾತು, ಒತ್ತಿ."

"ಇಷ್ಟು ದಿನ ನಿಮ್ಮನ್ನ ಅಲೆಸಿದ್ದೂ ಕಾಗದದ ಮಾತೇ ಅಲ್ವಾ ಅಳಿಯಂದ್ರೇ? ನಾಳೆ ಇವ್ಳು ಅಕ್ಷರ ಕಲ್ತು ಇದನ್ನ ಓದುದ್ರೆ? ತಾತ ನನ್ನ ಬ್ಯಾಡ ಅಂದಿದ್ದ ಅಂದ್ಕೊಳಲ್ವಾ?"

ನನಗೆ ನಾಚಿಕೆಯಾಯಿತು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅರ್ಜಿಯವರು ಆ ಹಾಳೆ ಹರಿದು ಹೊಸದು ತೆಗೆದರು.

"ಏನ್ ಬರೀಲಿ ಹೇಳಿ ಯಜಮಾನ್ರೇ."

"ಇವ್ಳು ನನ್ನ ಮಗಳ ಮಗಳು. ಇವ್ಳಪ್ಪ ನಮ್ಮ ಅಳಿಯಂದ್ರು, ಇಲ್ಲೇ ನಿಂತವ್ರೆ. ಅಷ್ಟು ಬರೀರಿ ಸಾಕು."

ಅಷ್ಟೇ ಸಾಕಾಯಿತು. ಹದಿನೈದು ದಿನದಲ್ಲಿ ಕಾರ್ಡಿಗೆ ಹೆಸರು ಬಂತು, ಆಪರೇಷನ್ನೂ ಆಯಿತು.

ಕಿವಿಯ ಹತ್ತಿ ತೆಗೆದ ಮೇಲೆ ಮಗಳನ್ನು ದಂಡಿನಶಿವರಕ್ಕೆ ಕರೆದೊಯ್ದೆವು. ಮಾವ ಅವಳ ಎಡಗಿವಿಯನ್ನು ಅಂಗೈಯಿಂದ ಮುಚ್ಚಿ, ಬಲಗಿವಿಯ ಹತ್ತಿರ ಬಾಯಿಟ್ಟು ಪಿಸುಗುಟ್ಟಿದರು. ಅವಳು ನಕ್ಕಳು.

"ಏನಂದ್ರು ತಾತ?" ಎಂದೆ.

"ನಮ್ಮನೆ ಮಗು ಅಂದ್ರು."

ಈ ಸಲ ತಿದ್ದಿಸಲು ಹೋಗಲಿಲ್ಲ.