ಶೇಷಪ್ಪ ಗಾಡಿ ಕಟ್ಟಿದ್ದು

ಸೊರಬದ ಸೀಮೆಯಲ್ಲಿ, ಆನವಟ್ಟಿಯಿಂದ ಆಚೆಗೆ, ಹಿರೇಗದ್ದೆ ಎಂಬ ಹಳ್ಳಿಯ ಶೇಷಪ್ಪ ಈಚಲು ಮರ ಕೆತ್ತಿ ಹೆಂಡ ಇಳಿಸುವವನು. ಅವನ ಅಪ್ಪ ಮಾಡಿದ್ದೂ ಅದನ್ನೇ, ಅಜ್ಜ ಮಾಡಿದ್ದೂ ಅದನ್ನೇ. ಊರ ಕೆರೆಯ ಅಂಚಿನುದ್ದಕ್ಕೂ ಈಚಲು ದಟ್ಟವಾಗಿ ಬೆಳೆದಿತ್ತು. ಬೆಳಗಾಗುತ್ತಲೇ ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಅತ್ತ ಹೋದರೆ ಬಿಸಿಲೇರುವ ಹೊತ್ತಿಗೆ ಮಡಕೆ ತುಂಬಿಸಿಕೊಂಡು ಬರುವನು. ಮಾರುವುದು ಹೆಂಡತಿ ತುಂಗಮ್ಮನ ಪಾಲಿನ ಕೆಲಸ. ನಾಟಿ ಮುಗಿಸಿದ ಆಳುಗಳು, ಸಂತೆಯಿಂದ ಮರಳುವವರು, ಮೈಕೈ ನೋವಿನ ಮುದುಕರು ಅವಳ ಚಪ್ಪರದ ಕೆಳಗೆ ಕೂತು ಕುಡಿದು, ಸುಖದುಃಖ ಮಾತಾಡಿ ಎದ್ದು ಹೋಗುತ್ತಿದ್ದರು. ಶೇಷಪ್ಪ ಮಾತ್ರ ಬಾಯಿಗೆ ಮುಟ್ಟಿಸುತ್ತಿರಲಿಲ್ಲ. "ಮರ ಹತ್ತೋನು ಕುಡಿದ್ರೆ ಇಳಿಯಾದು ಒಂದೇ ಸಲ" ಎಂದು ಅವನಪ್ಪ ಹೇಳಿಕೊಟ್ಟಿದ್ದ.

ಹುಟ್ಟಿದ ಮಕ್ಕಳೆಲ್ಲ ಮಣ್ಣಾಗಿ ಕೊನೆಗೆ ಉಳಿದವಳು ಬಂಗಾರಮ್ಮ ಒಬ್ಬಳೇ. ರಾಜ್ಯ ಒಂದಾಗುವ ಹಿಂದಿನ ವರ್ಷ ಅವಳನ್ನು ಶಿಕಾರಿಪುರದಾಚೆಯ ಕೆಳಗಿನಕೊಪ್ಪಕ್ಕೆ ಕೊಟ್ಟಿದ್ದರು. ಬೀಗರಾದ ಹುಚ್ಚರಾಯಪ್ಪನವರೂ ಆಗ ಹೆಂಡದ ಕುಳವೇ. ಆದರೆ ಮದುವೆಯಾದ ಮರುವರ್ಷ ಅವರ ತಮ್ಮ ಕುಡಿದ ಅಮಲಿನಲ್ಲಿ ಕೆರೆಗೆ ಬಿದ್ದು ಸತ್ತ. ಹೆಣ ಎತ್ತಿದವರು ಹುಚ್ಚರಾಯಪ್ಪನವರೇ. ಅಂದಿನಿಂದ ಅವರು ಆ ಕಸುಬಿಗೆ ಎಳ್ಳುನೀರು ಬಿಟ್ಟರು. ಊರೂರು ತಿರುಗಿ, ಜಾತಿಯವರನ್ನು ಕೂರಿಸಿಕೊಂಡು, "ಇದನ್ನ ಬಿಟ್ರಷ್ಟೇ ನಾವು ಮನಷರಾಗ್ತೀವಿ" ಎಂದು ಹೇಳತೊಡಗಿದರು. ಅವರ ಮಾತಿಗೆ ತಲೆದೂಗಿ ಎಷ್ಟೋ ಮನೆಗಳು ಬಿಟ್ಟವು. ಶೇಷಪ್ಪನೂ ನಾಲ್ಕು ಜನರ ಎದುರು ದೀಪ ಮುಟ್ಟಿ ಆಣೆ ಮಾಡಿದ್ದ.

ಆ ಆಣೆ ಒಂದು ಮಳೆಗಾಲ ನಿಂತಿತು. ಗೇಣಿಗೆ ಮಾಡುತ್ತಿದ್ದ ಗದ್ದೆ ಇತ್ತಲ್ಲ ಎಂಬ ಧೈರ್ಯ ಅವನಿಗೆ. ಅಷ್ಟರಲ್ಲಿ, ಉಳುವವನಿಗೇ ಭೂಮಿ ಕೊಡುವ ಕಾನೂನು ಬರುತ್ತದಂತೆ ಎಂಬ ಸುದ್ದಿ ಹಬ್ಬಿ, ಒಡೆಯರು ಹೆದರಿ ಗದ್ದೆಯನ್ನು ಬಿಡಿಸಿಕೊಂಡರು. ಮನೆಯಲ್ಲಿ ಕಣ್ಣು ಮಂಜಾದ ಮುದಿ ತಾಯಿ ಹುಲಿಗೆಮ್ಮ. ಶೇಷಪ್ಪ ನೆರೆಯೂರಲ್ಲಿ ಕೂಲಿಗೆ ಹೋಗಿ ನೋಡಿದ. ಒಂದು ದಿನ ಕರೆದರೆ ಮೂರು ದಿನ ಕರೆಯುತ್ತಿರಲಿಲ್ಲ. ಕೊನೆಗೊಂದು ಬೆಳಗ್ಗೆ ಕತ್ತಿ ತೆಗೆದುಕೊಂಡು ಕೆರೆಯ ಕಡೆ ನಡೆದ.

ಆ ದೀಪಾವಳಿಗೆ ಮಗಳನ್ನು ಕರೆದು ತರಲು ಹೋದಾಗ ಹುಚ್ಚರಾಯಪ್ಪನವರು ಕೂರಲು ಚಾಪೆ ಹಾಕಿಸಿದರು, ನೀರು ಕೊಡಿಸಿದರು. ಆಮೇಲೆ ಹೇಳಿದರು: "ತಪ್ಪು ತಿಳ್ಕಬ್ಯಾಡ್ರಿ ಬೀಗರ. ನಾ ಊರಿಗೆಲ್ಲ ಬುದ್ಧಿ ಹೇಳಿ, ನನ್ನ ಸೊಸಿನ್ನ ಹೆಂಡದ ಮನಿಗೆ ಉಣ್ಣಾಕ ಕಳಿಸಿದ್ರ ನನ್ನ ಮಾತಿಗೆ ಏನ್ ಕಿಮ್ಮತ್ತೈತ್ರಿ? ನೀವು ಬಿಟ್ಟ ದಿನ ನಾನ ಗಾಡಿ ಕಟ್ಟಿ ಕಳಿಸ್ತೀನಿ."

ಮನುಷ್ಯ ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಶೇಷಪ್ಪ ಬಂದ ದಾರಿ ಹಿಡಿದು ಮರಳಿದ.

ಚೊಚ್ಚಲ ಬಾಣಂತನ ತವರಲ್ಲಿ ಆಗಬೇಕು. ಅದೂ ಆಗಲಿಲ್ಲ. ಗಂಡುಮಗುವಾಯಿತೆಂಬ ಸುದ್ದಿ ಸಂತೆಗೆ ಬಂದವರ ಬಾಯಲ್ಲಿ ಬಂತು. ತುಂಗಮ್ಮ ಆ ದಿನ ಚಪ್ಪರದ ಕೆಳಗೆ ಕೂತಿದ್ದವರಿಗೆಲ್ಲ ಬೆಲ್ಲ ಹಂಚಿ, ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಅತ್ತಳು.

ಮಗು ನಡೆಯಲು ಕಲಿತಿದೆಯಂತೆ ಎಂಬ ಮಾತು ಕಿವಿಗೆ ಬಿದ್ದ ಸುಗ್ಗಿಯಲ್ಲಿ ಹುಲಿಗೆಮ್ಮ ಹಟ ಹಿಡಿದಳು. "ನನ್ನ ಕಣ್ಣಾಗೆ ಇನ್ನೂ ಚೂರು ಬೆಳಕೈತೆ ಕಣೋ. ಅದು ಹೋಗಾದ್ರೊಳಗೆ ಮರಿಮಗನ ಮುಖ ತೋರ್ಸು."

ಶೇಷಪ್ಪ ಯೋಚನೆ ಮಾಡಿದ. ಮಾಡುತ್ತ ಮಾಡುತ್ತ ಅವನಿಗೆ ಹುರುಪು ಹತ್ತಿತು. ಜಗಲಿಯಲ್ಲಿ ಕೂತು ಗೋಣಿ ಹೊಲಿಯುವಾಗ, ಎತ್ತಿಗೆ ಹುಲ್ಲು ಹಾಕುವಾಗ ಅದೇ ಮಾತು. "ಬಸ್ಸು ಬೇಡ. ಅಬ್ಬೆಗೆ ತಲೆ ಸುತ್ತು ಬರ್ತದೆ. ಕಮಾನು ಗಾಡಿ ಕಟ್ಟನ. ಮೊದಲ್ನೇ ದಿನ ಬಂದಳಿಕೇಲಿ ಕಲ್ಲಪ್ಪನ ಮನೆ. ಮಾರನೇ ದಿನ ಬಳ್ಳಿಗಾವಿ ಕೆರೆ ದಂಡೇಲಿ ಬುತ್ತಿ ಬಿಚ್ಚನ. ಶಿರಾಳಕೊಪ್ಪದಾಗೆ ಹುಡುಗಂಗೆ ಎಂತಾರು ತಗಂಡು, ಅಲ್ಲಿಂದ ಶಿಕಾರಿಪುರದ ದಾರಿ. ಕೆರೆಯಿಂದ ಕೆರೆಗೆ ಹೋದ್ರೆ ಎತ್ತಿಗೆ ನೀರಿನ ಚಿಂತೆ ಇಲ್ಲ."

"ಬೀಗರು ಒಳಗೆ ಕರೀದಿದ್ರೆ?" ಎಂದಳು ತುಂಗಮ್ಮ.

"ಗಾಡೀಲಿ ಹಣ್ಣು ಮುದುಕಿ ಕೂತಿರ್ತಾಳೆ ಕಣೆ. ಹೆಂಗೆ ಕರೀದೆ ಇರ್ತಾರೆ?"

ಒಳಗೊಳಗೆ ಅವನು ನಂಬಿಕೊಂಡದ್ದು ಇದನ್ನೇ. ತಾಯಿಯ ಮುಪ್ಪನ್ನು ಮುಂದೆ ಮಾಡಿಕೊಂಡು ಮಗಳ ಹೊಸಿಲು ದಾಟಬೇಕೆಂದು. ಹಾಗೆ ನಂಬಿದ್ದಕ್ಕೆ ಒಮ್ಮೊಮ್ಮೆ ಅವನಿಗೇ ನಾಚಿಕೆಯಾಗುತ್ತಿತ್ತು.

ತುಂಗಮ್ಮ ಕೆರೆಯ ಜೊಂಡು ಕೊಯ್ದು ಒಣಗಿಸಿ ಮಗುವಿಗೊಂದು ಪುಟ್ಟ ಚಾಪೆ ಹೆಣೆದಳು. ಚಕ್ಕುಲಿ, ಅವಲಕ್ಕಿ, ಕೊಬ್ಬರಿ, ಮಗಳಿಗೊಂದು ಸೀರೆ ಗಂಟಾದವು. ಶೇಷಪ್ಪ ಹೊರಡುವುದಕ್ಕೆ ಬಹಳ ಮೊದಲೇ ಮರಕ್ಕೆ ಹೋಗುವುದನ್ನು ನಿಲ್ಲಿಸಿ, ದಿನಾ ಸೀಗೆಪುಡಿ ಹಾಕಿ ಮೈಕೈ ಉಜ್ಜತೊಡಗಿದ. ಕಂಬಳಿಯನ್ನೂ ಒಗೆದ. ಕೈ ಮೂಸಿ ನೋಡಿ ಹೆಂಡತಿಯ ಮೂಗಿನ ಹತ್ತಿರ ಹಿಡಿಯುತ್ತಿದ್ದ. "ಹೋತನೆ ವಾಸನೆ?"

"ನಂಗೆಂತ ಗೊತ್ತಾಗ್ತದೆ, ನಾನೂ ಅದ್ರಾಗೇ ಇರಾಳು" ಎನ್ನುತ್ತಿದ್ದಳು ಅವಳು.

ಗಾಡಿ ಹೊರಟಿತು. ಹುಲ್ಲಿನ ಮೇಲೆ ಕಂಬಳಿ ಹಾಸಿ ಮುದುಕಿಯನ್ನು ಕೂರಿಸಿದ್ದರು. ಬಂದಳಿಕೆಯ ಕಲ್ಲಪ್ಪ ಶೇಷಪ್ಪನ ಹಳೆಯ ಗೆಳೆಯ, ಇನ್ನೂ ಕಸುಬು ಬಿಡದವನು. ಪ್ರೀತಿಯಿಂದ ಸೋರೆಬುರುಡೆ ತುಂಬ ಹೆಂಡ ತಂದಿಟ್ಟ. ಶೇಷಪ್ಪ ಮುಟ್ಟಲಿಲ್ಲ, ತುಂಗಮ್ಮನೂ ಬೇಡವೆಂದಳು. ಹುಲಿಗೆಮ್ಮ ಕೈ ಚಾಚಿದಳು. "ಅಬ್ಬೇ, ಬೀಗರ ಮನೆಗೆ ಹೋಗಾದು" ಎಂದ ಮಗ. "ಆಣೆ ಮಾಡಿದ್ದು ನೀನು. ನಾನೆಲ್ಲಿ ಮಾಡೀನಿ?" ಎಂದು ಮುದುಕಿ ಅರ್ಧ ಬುರುಡೆ ಮುಗಿಸಿ, ಸೆರಗಿನಲ್ಲಿ ಬಾಯೊರೆಸಿಕೊಂಡಳು. ಎಲ್ಲರೂ ನಕ್ಕರು.

ಬಳ್ಳಿಗಾವಿಯ ಕೆರೆ ಆ ವರ್ಷ ತುಂಬಿತ್ತು. ಎತ್ತುಗಳನ್ನು ಬಿಚ್ಚಿ ನೀರು ಕುಡಿಸಿ, ಮರದ ನೆರಳಲ್ಲಿ ರೊಟ್ಟಿ ಬುತ್ತಿ ಬಿಚ್ಚಿದರು. ಹುಲಿಗೆಮ್ಮ ಕಾಲನ್ನು ನೀರಿಗೆ ಇಳಿಬಿಟ್ಟುಕೊಂಡು, ತಾನು ಮದುವಣಗಿತ್ತಿಯಾಗಿ ಇದೇ ದಾರಿಯಲ್ಲಿ ಬಂದದ್ದನ್ನೂ, ಗಾಡಿಯಲ್ಲಿ ಅತ್ತೂ ಅತ್ತೂ ಹಸಿವಾಗಿ ದಿಬ್ಬಣದವರ ಬಾಳೆಹಣ್ಣನ್ನೆಲ್ಲ ತಿಂದುಬಿಟ್ಟದ್ದನ್ನೂ ಹೇಳಿದಳು. ತುಂಗಮ್ಮ ಬಹಳ ದಿನಗಳ ಮೇಲೆ ಬಾಯ್ತುಂಬ ನಕ್ಕಳು. ಹೀಗೆ ಮನೆಮಂದಿಯೆಲ್ಲ ಕೂಡಿ ಎಲ್ಲಿಗೂ ಹೋದವರಲ್ಲ ಅವರು. ಇನ್ನೆರಡು ದಿನ ದಾರಿಯೇ ಇದ್ದರೂ ಆಗಬಹುದು ಎಂದು ಶೇಷಪ್ಪನಿಗೆ ಅನ್ನಿಸಿತು.

ಶಿರಾಳಕೊಪ್ಪದ ಅಂಗಡಿಯಲ್ಲಿ ಮಗುವಿಗೆ ಕೆಂಪು ಕುಲಾವಿ ಕೊಂಡರು. ಶಿಕಾರಿಪುರ ದಾಟಿ, ಮರುದಿನ ಬೆಳಗಿನಲ್ಲಿ ಕೆಳಗಿನಕೊಪ್ಪದ ಕೆರೆ ಏರಿ ಹತ್ತುವಾಗ ನೀರಿಗೆ ಬಂದ ಹೆಂಗಸರು ಕಂಡರು. ಅವರ ನಡುವೆ, ಸೊಂಟದ ಮೇಲೆ ಮಗು, ಕೈಯಲ್ಲಿ ಕೊಡ ಹಿಡಿದ ಒಬ್ಬಳು ಥಟ್ಟನೆ ನಿಂತಳು. ಶೇಷಪ್ಪ ಎತ್ತಿನ ಹಗ್ಗ ಎಳೆದ.

ಬಂಗಾರಮ್ಮ ಜೊತೆಯವರು ಮುಂದೆ ಹೋಗುವವರೆಗೂ ಕಾದಳು. ಆಮೇಲೆ ಕೊಡ ಅಲ್ಲೇ ಇಟ್ಟು ಓಡಿಬಂದಳು. ಬಂದವಳು ಮಗುವನ್ನೆತ್ತಿ ಗಾಡಿಯೊಳಗೆ, ಅಜ್ಜಿಯ ಮಡಿಲಿಗೆ ಹಾಕಿದಳು. ಮುದುಕಿ ಮಗುವಿನ ಮುಖವನ್ನು ಬೆಳಕಿಗೆ ತಿರುಗಿಸಿ, ಮೂಗಿಗೆ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು. ಮಗು ಹೆದರಿ ಕಿರುಚಿಕೊಂಡಿತು.

"ಅಪ್ಪಯ್ಯ, ಮುಂದ ಬರಬ್ಯಾಡ್ರಿ" ಎಂದಳು ಬಂಗಾರಮ್ಮ, ಅಜ್ಜಿಗೆ ಕೇಳಿಸದಂತೆ ನೊಗದ ಹತ್ತಿರ ಬಂದು ದನಿ ತಗ್ಗಿಸಿ. "ನನ್ನ ನಾದಿನೀನ ನೋಡಾಕ ಇವತ್ತು ಹೊನ್ನಾಳಿ ಕಡೆಯೋರು ಬರ್ತಾರ. ಹೆಂಡ ಬಿಟ್ಟೋರ ಮನಿತನ ಅಂತಾನೇ ಬರಾಕತ್ತಾರ. ನೀವು ಯಾರು ಅಂತ ಕೇಳಿದ್ರ ಮಾವ ಸುಳ್ಳು ಹೇಳಾರಲ್ಲ. ಮದುವಿ ಮುರೀತೈತಿ."

ಅವಳ ಮಾತು ಬದಲಾಗಿತ್ತು. ಮೊದಲು 'ಬರ್ಬೇಡ' ಎನ್ನುತ್ತಿದ್ದ ಹುಡುಗಿ, ಅಪ್ಪನಿಗೆ ನೀನು ಎನ್ನುತ್ತಿದ್ದವಳು, 'ಬರಬ್ಯಾಡ್ರಿ' ಎನ್ನುತ್ತಿದ್ದಳು. ಹೇಳಿದ್ದಕ್ಕಿಂತ ಅದೇ ಶೇಷಪ್ಪನಿಗೆ ಹೆಚ್ಚು ನೋವು ಕೊಟ್ಟಿತು.

"ಬಿಟ್ಬಿಡ್ತೀನಿ ಮಗಾ" ಎಂದ. "ಇವತ್ತಿಂದಲೇ ಬಿಟ್ಟೆ ಅಂತ ಹೇಳು."

ಬಂಗಾರಮ್ಮ ಅವನ ಮುಖ ನೋಡಿದಳು. ಆಗ ಮಾತ್ರ ಅವಳ ಬಾಯಲ್ಲಿ ಹಳೆಯ ಮಾತು ಬಂತು. "ಬಿಟ್ಟು ಎಂತ ತಿಂತೀಯ ಅಪ್ಪಯ್ಯ? ಅಜ್ಜೀಗೆ ಎಂತ ಹಾಕ್ತೀಯ? ಮತ್ತೆ ಆಣೆ ಮಾಡ್ಬೇಡ. ಇನ್ನೊಂದ್ ಸಲ ನೀ ಮಾತು ತಪ್ಪಿದೆ ಅಂತ ಅವರ ಬಾಯಲ್ಲಿ ಕೇಳಕ್ಕೆ ನನ್ನತ್ರ ಆಗಲ್ಲ."

ತುಂಗಮ್ಮ ಸೆರಗು ಬಾಯಿಗೊತ್ತಿಕೊಂಡು ಗಂಟು ಬಿಚ್ಚಿದಳು. ಬಂಗಾರಮ್ಮ ಚಾಪೆ, ಸೀರೆ ಯಾವುದನ್ನೂ ಒಯ್ಯಲಾರದಾದಳು, ಎಲ್ಲಿಂದ ಬಂತೆಂದು ಕೇಳುತ್ತಾರೆ. ಕುಲಾವಿಯೊಂದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಗುವನ್ನು ಅಪ್ಪನ ಕಡೆ ಚಾಚಿದಾಗ ಶೇಷಪ್ಪ ಕೈಗಳನ್ನು ಪಂಚೆಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ, ಎತ್ತಿಕೊಳ್ಳಲಿಲ್ಲ. ಅದರ ಪಾದ ಮಾತ್ರ ಮುಟ್ಟಿದ. ಅವಳು ಕೊಡ ತುಂಬಿಕೊಂಡು ಏರಿ ಇಳಿದು ಹೋದಳು.

ಗಾಡಿ ತಿರುಗಿದ್ದು ಹುಲಿಗೆಮ್ಮನಿಗೆ ಗೊತ್ತಾಯಿತು. "ಎಂತಕೋ? ಬೀಗರ ಮನೆ?"

"ಬೀಗರು ಊರಾಗಿಲ್ವಂತೆ ಅಬ್ಬೆ."

ಮುದುಕಿ ಕಂಬಳಿ ಎಳೆದುಕೊಂಡು, "ಹುಡುಗ ನಿನ್ನಂಗೇ ಇದಾನೆ" ಎಂದಳು. ಬರುವಾಗ ಕೆರೆದಂಡೆ ಹಿಡಿಯಲಿಲ್ಲ, ನೆಟ್ಟಗೆ ಬಸ್ಸಿನ ರಸ್ತೆಯಲ್ಲೇ ಬಂದರು.

ಆ ಆಷಾಢದ ಮಳೆಯಲ್ಲಿ ಹುಲಿಗೆಮ್ಮ ತೀರಿಕೊಂಡಳು. ಸುದ್ದಿ ತಲುಪಿ, ಎಲ್ಲ ಮುಗಿದ ಮೇಲೆ ಬಂಗಾರಮ್ಮ ಒಬ್ಬಳೇ ಬಸ್ಸಿನಲ್ಲಿ ಬಂದಳು. ಹುಚ್ಚರಾಯಪ್ಪನವರೇ ಹೋಗಿ ಬಾ ಎಂದು ಕಳಿಸಿದ್ದರು. ಆದರೆ ಆ ಮನೆಯಲ್ಲಿ ಅನ್ನ ಮುಟ್ಟಬಾರದೆಂದು ಭಾಷೆ ತೆಗೆದುಕೊಂಡಿದ್ದರು. ಅಜ್ಜಿ ಮಲಗುತ್ತಿದ್ದ ಮೂಲೆಯಲ್ಲಿ ಕೂತು ಅತ್ತಳು, ತಾಯಿಯ ತಲೆ ಬಾಚಿದಳು, ನೀರು ಕುಡಿದಳು. ತುಂಗಮ್ಮ ಎಲೆ ಹಾಕಿ ಬಡಿಸಿ ಕರೆದಾಗ ತಲೆ ತಗ್ಗಿಸಿ ಕೂತಳೇ ಹೊರತು ಏಳಲಿಲ್ಲ. ತಾಯಿಗೆ ಅರ್ಥವಾಯಿತು. ಎಲೆಯನ್ನು ಮಡಚಿ ಎತ್ತಿಕೊಂಡು ಹಿತ್ತಲಿಗೆ ಹೋದಳು.

ಮಧ್ಯಾಹ್ನದ ಬಸ್ಸಿಗೆ ಹತ್ತಿಸಲು ಶೇಷಪ್ಪ ಆನವಟ್ಟಿಯವರೆಗೂ ಜೊತೆಗೆ ನಡೆದ. ಬಸ್ಸು ತಡವಾಗಿತ್ತು. ಅವನು ಹೋಗಿ ಅಂಗಡಿಯಿಂದ ಒಂದು ಪೊಟ್ಟಣ ಮಂಡಕ್ಕಿ, ಮೇಲಿಷ್ಟು ಕಡ್ಲೆ ಹಾಕಿಸಿಕೊಂಡು ಬಂದು ಅವಳ ಮುಂದೆ ಹಿಡಿದ.

"ಇದು ಅಂಗಡೀದು" ಎಂದ. "ನಮ್ಮನೇದಲ್ಲ."

ಬಂಗಾರಮ್ಮ ಪೊಟ್ಟಣ ತೆಗೆದುಕೊಂಡು ನಿಂತಲ್ಲೇ ತಿಂದಳು. ಅಪ್ಪ ನೋಡುತ್ತಿದ್ದಾನೆಂದು ಒಂದು ಕಾಳೂ ಬಿಡದೆ ತಿಂದಳು. ಬಸ್ಸು ಬಂತು, ಹತ್ತಿ ಹೋದಳು.

ಮನೆಗೆ ಬಂದಾಗ ತುಂಗಮ್ಮ ಬಾಗಿಲಲ್ಲೇ ಕೂತಿದ್ದಳು. "ಉಪವಾಸವೇ ಹೋದ್ಲು ನನ್ನ ಕೂಸು" ಎಂದಳು.

"ಇಲ್ಲ ಕಣೆ. ಉಂಡ್ಲು" ಎಂದ ಶೇಷಪ್ಪ. ಏನು ಉಂಡಳೆಂದು ಅವಳು ಕೇಳಿದಳು. ಮಳೆ ಹಿಡಿಯುವ ಹಾಗಿತ್ತು, ಅವನು ಎತ್ತುಗಳನ್ನು ಒಳಗೆ ಕಟ್ಟಲು ಕೊಟ್ಟಿಗೆಯ ಕಡೆ ಹೋದ.