ಪೋಸ್ಟರಿನಲ್ಲಿ ಬದುಕಿದ ಮರಿ

ಕ್ಷೌರದಂಗಡಿಯವನಿಗೆ ಮಕ್ಕಳಿರಲಿಲ್ಲ, ನಾಯಿಯೊಂದಿತ್ತು. ಕತ್ತರಿಸಿ ಬಿದ್ದ ಕೂದಲ ರಾಶಿಯ ಮೇಲೆಯೇ ಮಲಗಿ ಬೆಳೆದದ್ದು. ಮೂತಿ ಬೆಳ್ಳಗಾದರೂ ಗಂಡ ಹೆಂಡತಿಗೆ ಅದು 'ಮರಿ'ಯೇ. "ಕಟಿಂಗೂ ಇಲ್ಲ, ಕಾಸೂ ಇಲ್ಲ, ಇಡೀ ದಿನ ಇಲ್ಲೇ ಬಿದ್ದಿರ್ತಾನಲ್ಲಪ್ಪ ನಿನ್ ಮಗ!" ಎಂದು ಗಿರಾಕಿಗಳು ನಗುತ್ತಿದ್ದರು.

ಒಂದು ಬೆಳಿಗ್ಗೆ ಅದರ ಹೊಟ್ಟೆ ಕಲ್ಲಿನಂತೆ ಬಿಗಿದುಕೊಂಡಿತು. ವಾಂತಿಗೆ ಒದ್ದಾಡಿತು, ಏನೂ ಬರಲಿಲ್ಲ. ಅರ್ಧ ಗಡ್ಡ ಹೆರೆಸಿಕೊಂಡ ಗಿರಾಕಿಯನ್ನು ಹಾಗೆಯೇ ಬಿಟ್ಟು, ಮರಿಯನ್ನು ಎತ್ತಿಕೊಂಡು ಪ್ರಾಣಿಗಳ ಆಸ್ಪತ್ರೆಗೆ ಓಡಿದ.

"ಹೊಟ್ಟೆ ತಿರುಚಿಕೊಂಡಿದೆ. ತಡ ಮಾಡದೆ ಆಪರೇಷನ್ ಮಾಡ್ಬೇಕು," ಎಂದಳು ಡಾಕ್ಟರಮ್ಮ. ಆದರೆ ಮುಂಗಡ ಕಟ್ಟದೆ ಒಳಗೆ ಸೇರಿಸುವಂತಿರಲಿಲ್ಲ. ಅವಳು ಹೇಳಿದ ಮೊತ್ತ ಅವನ ಬಳಿ ಇರಲಿಲ್ಲ.

"ದುಡಿದು ತೀರಿಸ್ತೀನಿ ಡಾಕ್ಟ್ರೇ. ಓಡಿಹೋಗೋನಲ್ಲ ನಾನು."

"ನಿಮ್ಮನ್ನ ನಂಬ್ತೀನಿ. ಆದ್ರೆ ಆಸ್ಪತ್ರೆ ನಂದಲ್ವಲ್ಲ. ಮಹಡಿ ಮೇಲೆ ನೆರವಿನ ಸಂಸ್ಥೆಯಿದೆ. ಇಂಥದ್ದಕ್ಕೇ ಇರೋದು, ಬೇಗ ಹೋಗಿ."

ಮಹಡಿಯ ಮೇಲಿನ ಹೆಂಗಸು ಮೃದುವಾಗಿಯೇ ಮಾತಾಡಿದಳು. ಎಲ್ಲ ಕೇಳಿಸಿಕೊಂಡು, ಫೋಟೋ ತೆಗೆಯುವವನನ್ನು ಕರೆದುಕೊಂಡು ಕೆಳಗಿಳಿದಳು. ಮರಿಯ ತಲೆಯನ್ನು ಅವನ ತೊಡೆಯ ಮೇಲೆ ಇಡಿಸಿದರು. "ಸ್ವಲ್ಪ ಈ ಕಡೆ ತಿರುಗಿಸಿ. ಹಾಂ, ಕಣ್ಣು ಚೆನ್ನಾಗಿ ಕಾಣ್ತಿದೆ."

"ದುಡ್ಡು ಈಗ ಸಿಗುತ್ತಾ ಅಮ್ಮಾ?"

"ಕಮಿಟಿಯವರು ಒಪ್ಪಬೇಕಲ್ವಾ? ಎರಡು ದಿನದಲ್ಲಿ ತಿಳಿಸ್ತೀವಿ."

ಅವನು ಮರಿಯನ್ನು ಡಾಕ್ಟರಮ್ಮನ ಬಳಿ ಬಿಟ್ಟ. ಕೈಕಾಲು ಹಿಡಿದು ಸಾಲ ಎತ್ತಲು ಹೊರಟ. ಇತ್ತ ಹೆಂಡತಿ ತನ್ನ ಓಲೆ ಮಾರಿ ಬಂದಳು. ಇಬ್ಬರೂ ಕೂಡಿಸಿಕೊಂಡು ಬರುವಷ್ಟರಲ್ಲಿ ಸಂಜೆಯಾಗಿತ್ತು. ಡಾಕ್ಟರಮ್ಮ ಬಾಗಿಲಲ್ಲೇ ತಲೆ ತಗ್ಗಿಸಿ ನಿಂತಿದ್ದಳು.

"ರೀ, ನಾನೇ ಬೆಳಿಗ್ಗೇನೇ ಮಾರಬೇಕಿತ್ತು," ಎಂದು ಹೆಂಡತಿ ಬಿಕ್ಕಿದಳು. ಅವನು ಮರಿಯನ್ನು ತನ್ನ ಅಂಗಿಯಲ್ಲೇ ಸುತ್ತಿ ಎತ್ತಿಕೊಂಡ.

ಕೆಲವು ತಿಂಗಳ ನಂತರ, ಬಸ್ ನಿಲ್ದಾಣದ ಗೋಡೆಯ ಮೇಲೆ ಮರಿ ಅವನನ್ನೇ ದಿಟ್ಟಿಸುತ್ತಿತ್ತು. ಆಳೆತ್ತರದ ಪೋಸ್ಟರು. ಕೆಳಗೆ ದಪ್ಪಕ್ಷರದಲ್ಲಿ: 'ನಿಮ್ಮ ನೆರವಿನಿಂದ ಇವನು ಬದುಕಿದ.' ಅವನು ನೇರ ಆಸ್ಪತ್ರೆಗೆ ಹೋಗಿ ಮಹಡಿ ಹತ್ತಿದ.

"ಅದು ಸತ್ತೋಯ್ತಲ್ಲಮ್ಮಾ! ನೀವು ಬಿಡಿಗಾಸೂ ಕೊಡ್ಲಿಲ್ಲ!"

ಹೆಂಗಸಿನ ಮುಖ ಕಪ್ಪಿಟ್ಟಿತು. "ಕ್ಷಮಿಸಿ. ಆದ್ರೆ ಆ ಕಣ್ಣು ನೋಡಿದ್ರೆ ಜನ ಕೊಡ್ತಾರೆ ಅಣ್ಣಾ. ಅದ್ರಿಂದ ಬೇರೆ ನಾಯಿಗಳು ಉಳೀತಿವೆ. ತೆಗೀರಿ ಅಂದ್ರೆ ತೆಗೆಸ್ತೀನಿ."

ಬೇರೆಯವರ ನಾಯಿ ಸಾಯಲಿ ಎನ್ನಲು ಅವನಿಗೆ ನಾಲಿಗೆ ಹೊರಳಲಿಲ್ಲ. ಇಟ್ಟುಕೊಳ್ಳಿ ಎನ್ನಲೂ ಆಗಲಿಲ್ಲ. ಸುಮ್ಮನೆ ಇಳಿದು ಬಂದ. ಪೋಸ್ಟರು ಅಲ್ಲೇ ಉಳಿಯಿತು. ಅವನು ಆ ರಸ್ತೆಯಲ್ಲಿ ಓಡಾಡುವುದನ್ನೇ ಬಿಟ್ಟ.

ಒಂದು ದಿನ ಹೊಸ ಗಿರಾಕಿಯೊಬ್ಬ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತವನು, "ಆ ಪೋಸ್ಟರ್ ನಾಯಿ ನಿಮ್ದಂತೆ? ನನ್ನ ಮಗಳು ಹುಂಡಿ ಒಡೆದು ದುಡ್ಡು ಕೊಟ್ಟಳು ಕಣ್ರೀ. ಚೆನ್ನಾಗಿದೆ ತಾನೇ ಈಗ?" ಎಂದ.

ಅವನು ಕತ್ತಿಗೆ ಹೊಸ ಬ್ಲೇಡು ಸಿಕ್ಕಿಸಿದ.

"ಚೆನ್ನಾಗಿದೆ ಸ್ವಾಮಿ," ಎಂದ. "ಗಲ್ಲ ಸ್ವಲ್ಪ ಮೇಲೆತ್ತಿ."