ನಾನು ಕಿತ್ತ ಗುಂಡುಸೂಜಿಗಳು

ಜನರಲ್ ಸಾಹೇಬರ ಕಾಗದಪತ್ರದ ಪೆಟ್ಟಿಗೆಗಳಲ್ಲಿ ನಾನು ಮೊದಲು ಕಂಡದ್ದು ಸುಟ್ಟ ದನದ ಫೋಟೊ. ಕೊಟ್ಟಿಗೆಯ ಕಂಬಕ್ಕೆ ಕಟ್ಟಿದ ಹಾಗೆಯೇ ಅದು ಕರಕಲಾಗಿತ್ತು. ಹಾಗೆಂದು ನನ್ನ ನೆನಪು. ಆ ದಿನದ ಡೈರಿಯಲ್ಲಿ ಮಾತ್ರ, 'ತುಕ್ಕು ಬಹಳ, ಬೆರಳೆಲ್ಲ ಕೆಂಪು' ಎಂದಷ್ಟೇ ಇದೆ.

ನಾನಿದ್ದದ್ದು ದುಬೈಯ ಇಂಟರ್‌ನ್ಯಾಷನಲ್ ಸಿಟಿ ಎಂಬ ಬಡಾವಣೆಯಲ್ಲಿ. ಇತಿಹಾಸದ ಎಂ.ಎ.ಗೆ ಅಲ್ಲಿ ಕೆಲಸ ಸಿಗುವುದೆಂದು ಯಾರೂ ನಂಬಿರಲಿಲ್ಲ, ನಾನೂ ನಂಬಿರಲಿಲ್ಲ. ಆಗ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಹಿಂದಿನ ಫ್ಲ್ಯಾಟೊಂದರಲ್ಲಿ ಒಬ್ಬ ಮಹಿಳೆ, ತೀರಿಕೊಂಡ ತಮ್ಮ ತಂದೆಯ ಕಾಗದಪತ್ರಗಳನ್ನು ಭಾರತದ ಒಂದು ಪತ್ರಾಗಾರಕ್ಕೆ ಕಳಿಸುವ ಮೊದಲು ಪಟ್ಟಿ ಮಾಡುವವರನ್ನು ಹುಡುಕುತ್ತಿದ್ದರು. ತಂದೆ ಭೂಸೇನೆಯಲ್ಲಿ ಜನರಲ್ ಆಗಿದ್ದವರು. ವಾರಕ್ಕೆರಡು ದಿನ ಬಸ್ಸಿನಲ್ಲಿ ಹೋಗುತ್ತಿದ್ದೆ.

ಬಸ್ ನಿಲ್ದಾಣದಿಂದ ಕರೆದೊಯ್ಯುತ್ತಿದ್ದವರು ಆ ಮನೆಯ ಡ್ರೈವರ್. ಉಡುಪಿ ಕಡೆಯವರು, ಐವತ್ತು ದಾಟಿದವರು. ಜನರಲ್ ಇನ್ನೂ ಮೇಜರ್ ಆಗಿದ್ದಾಗ ಅವರ ಕೈಕೆಳಗಿನ ಸಿಪಾಯಿ. ಸೈನ್ಯ ಬಿಟ್ಟ ಮೇಲೆ ಮಗಳೇ ವೀಸಾ ಮಾಡಿಸಿ ಕರೆಸಿಕೊಂಡಿದ್ದರು. ಮೂರನೆಯ ವಾರ ಕೆಂಪು ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಕೇಳಿದರು.

"ಮೇಡಂ, ಆ ಪೆಟ್ಟಿಗೆಯಲ್ಲಿ ನನ್ನ ವಿಷಯ ಉಂಟಾ?"

"ಎಂಥ ವಿಷಯ?"

"ಬೆಟ್ಟದ ಮೇಲಿನ ಹಳ್ಳಿ. ಒಬ್ಬ ಮುದುಕ. ಬಂದೂಕಿನ ಹಿಂಬದಿಯಿಂದ ದವಡೆಗೆ ಕೊಟ್ಟೆ. ಹಲ್ಲು ನನ್ನ ಬೂಟಿನ ಮೇಲೆ ಬಿತ್ತು. ಎರಡನೇ ಏಟಿಗೆ ಸತ್ತ." ಸ್ಟಿಯರಿಂಗ್ ಬಿಟ್ಟು ಎರಡೂ ಕೈ ಎತ್ತಿ, ಗಾಳಿಗೆ ಬಡಿದು ತೋರಿಸಿದರು. ಆ ಕೈಗಳಿಗೆ ಪೆಟ್ಟು ಇನ್ನೂ ಗೊತ್ತಿತ್ತು. "ನಾನೇ ತಲೆಕೆಟ್ಟು ಹೊಡೆದದ್ದು ಅಂತ ವಿಚಾರಣೆಯಲ್ಲಿ ಬರೆದ್ರು. ಪ್ರಮೋಷನ್ ಅಲ್ಲಿಗೇ ನಿಂತಿತು. ಮೇಜರ್ ಸಾಬ್ ಹೇಳಿದ್ದಕ್ಕೆ ಹೊಡೆದೆ ಅಂತ ಇಷ್ಟು ವರ್ಷ ಹೇಳಿಕೊಂಡು ಬಂದೆ. ಈಗ ಅವರ ಸ್ವರವೇ ನೆನಪಿಗೆ ಬರುವುದಿಲ್ಲ. ಅವರು ಹೇಳಿದ್ದು ಹೌದಾ, ಇಲ್ಲ ನಾನೇ ಕಟ್ಟಿದ್ದಾ? ಓದಿ ಹೇಳಿ ಮೇಡಂ. ಪ್ಯಾಕ್ ಮಾಡಿ ಕಳಿಸಿದ್ರೆ ಖಲಾಸ್."

ಅವರು ಕೇಳಿದಂಥ ಒಂದು ಚೀಟಿಯನ್ನು ನಾನು ಆಗಲೇ ನೋಡಿದ್ದೆ. ಜನರಲ್ಲರದೇ ಕೈಬರಹ, ಇಂಗ್ಲಿಷಿನಲ್ಲಿ, ಪೆನ್ಸಿಲಿನಲ್ಲಿ: ಹೊಡೆಯಲು ಹೇಳಿದ್ದು ನಾನು, ಸಿಪಾಯಿಯ ತಪ್ಪಲ್ಲ. ಆದರೆ ಯಾವ ಹೊಡೆತ?

ತುಕ್ಕು ಹಿಡಿದ ಗುಂಡುಸೂಜಿಯನ್ನು ಕೀಳುವ ಮೊದಲು, ಅದು ಸೇರಿಸಿದ್ದ ಕಾಗದಗಳ ಮೂಲೆಗೆ ಒಂದೇ ಸಂಖ್ಯೆ ಬರೆಯಬೇಕು. ವಿಶ್ವವಿದ್ಯಾಲಯದಲ್ಲಿ ನಮಗೆ ಮೊದಲು ಕಲಿಸಿದ್ದೇ ಅದು. ಮೊದಲ ದಿನ, ಚುರುಕು ಎನಿಸಿಕೊಳ್ಳುವ ಆಸೆಗೆ, ಸಂಖ್ಯೆ ಬರೆಯದೆಯೇ ಒಂದು ಕಟ್ಟಿನ ಸೂಜಿಗಳನ್ನೆಲ್ಲ ಕಿತ್ತು ಪಿಂಗಾಣಿ ಬಟ್ಟಲಿಗೆ ಹಾಕಿದ್ದೆ. ಆ ಕಟ್ಟಿನಲ್ಲಿ ಸಾವಿನ ವರದಿಗಳು ಎರಡಿದ್ದವು. ಒಂದು ಮುದುಕನದು. ಇನ್ನೊಂದು ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸುವವನದು: ಮರಕ್ಕೆ ಕಟ್ಟಿ, ಬೆನ್ನಿನ ಚರ್ಮ ಸುಲಿಯುವವರೆಗೆ ಬೆಲ್ಟಿನಿಂದ ಬಾರಿಸಿದ್ದು, ಮೂರನೆಯ ದಿನ ಸತ್ತ. ಅದರಲ್ಲಿ ಹೊಡೆದವನ ಹೆಸರಿರಲಿಲ್ಲ. ಅದೇ ಕಟ್ಟಿನಲ್ಲಿದ್ದ ಆ ಚೀಟಿಯ ಸೂಜಿತೂತನ್ನು ಎರಡೂ ವರದಿಗಳ ತೂತಿಗೆ ಹೊಂದಿಸಿ ಕಿಟಕಿಯ ಬೆಳಕಿಗೆ ಹಿಡಿದೆ. ಎರಡಕ್ಕೂ ಕೂಡಿತು.

ಮುದುಕನ ವರದಿಗೇ ಸೇರಿದ್ದು ಎಂದು ಹೇಳಿಬಿಡಬಹುದಿತ್ತು. ಒಂದು ವಾರ ಹಾಗೇ ಹೇಳಬೇಕೆಂದುಕೊಂಡೆ. ಕೊನೆಗೆ, ಮಗಳು ಆಫೀಸಿಗೆ ಹೋಗಿದ್ದಾಗ, ಡ್ರೈವರನ್ನು ಮೇಜಿನ ಬಳಿ ಕೂರಿಸಿ ಸೂಜಿಯ ವಿಷಯ ಹೇಳಿದೆ. ಎರಡೂ ವರದಿಗಳನ್ನು ಕನ್ನಡದಲ್ಲಿ ಹೇಳುತ್ತ ಹೋದೆ. ಎರಡನೆಯದು ಮುಗಿಯುವ ಮೊದಲೇ ತಡೆದರು.

"ಅವನದ್ದೂ ಬರೆದಿಟ್ಟಿದ್ದಾರಾ?"

"ಅವನು ನಿಮಗೆ ಗೊತ್ತಾ?"

"ಬೆಲ್ಟು ನನ್ನದೇ ಅಲ್ವಾ ಮೇಡಂ. ಅದನ್ನು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ."

ಚೀಟಿಯನ್ನು ಬೆರಳಿನಿಂದ ಒಂದು ವರದಿಯ ಮೇಲೆ ಸರಿಸಿದರು, ಆಮೇಲೆ ಇನ್ನೊಂದರ ಮೇಲೆ.

"ಇರುವುದು ಒಂದೇ ಚೀಟಿ ಮಾರಾಯ್ರೇ. ಹಾಗಾದ್ರೆ ಒಂದು ಹೆಣ ನನ್ನ ಲೆಕ್ಕಕ್ಕೇ. ಯಾವುದು ಅನ್ನುವುದನ್ನು ಮಾತ್ರ ನೀವು ಕಿತ್ತು ಹಾಕಿದ್ರಿ."

ಸಿಟ್ಟಿನಿಂದ ಅಂದರೋ ನಗುತ್ತ ಅಂದರೋ ಈಗ ಖಚಿತವಿಲ್ಲ. ಅವರು ಸೂಜಿಯ ಬಟ್ಟಲನ್ನು ಗೋಡೆಗೆ ಬೀಸಿ ಒಡೆದದ್ದು ಖಚಿತ. ಅದು ಡೈರಿಯಲ್ಲೂ ಇದೆ. ಚೂರೊಂದು ನನ್ನ ಹುಬ್ಬಿಗೆ ತಗಲಿ ರಕ್ತ ಬಂತು. ಅವರು ನೋಡಿದರು. ನೆಲದ ಮೇಲೆ ಮೊಣಕಾಲೂರಿ ಒಂದೊಂದೇ ಸೂಜಿ ಹೆಕ್ಕತೊಡಗಿದರು.

ಪಟ್ಟಿಯಲ್ಲಿ ಹೀಗೆ ಬರೆದೆ: 'ಬಿಡಿ ಚೀಟಿ, ಪೆನ್ಸಿಲ್. ಎರಡು ವರದಿಗಳಲ್ಲಿ ಯಾವುದಕ್ಕೆ ಸೇರಿದ್ದೆಂದು ತಿಳಿಯದು. ಸೂಜಿ ಕಿತ್ತವಳು ಈ ಪಟ್ಟಿ ಬರೆದವಳೇ.'

ಸಂಜೆ ಅವರೇ ಬಸ್ ನಿಲ್ದಾಣಕ್ಕೆ ಬಿಟ್ಟರು. ನಾನು ಇಳಿಯುವಾಗ ಗಾಜು ಇಳಿಸಿದರು.

"ಬೆಲ್ಟಿನದ್ದೂ ಪಟ್ಟಿಯಲ್ಲಿ ಹಾಕಿ. ನನ್ನ ಬಾಯಿಂದಲೇ ಕೇಳಿದ್ದು ಅಂತ. ಅದೂ ಮರೆತು ಹೋದ್ರೆ ಕಷ್ಟ."

ಬಸ್ಸು ಹೊರಡುವ ಮೊದಲೇ ಬರೆದೆ.